ಅಮೆರಿಕ ಅಧ್ಯಕ್ಷರ ಒಂದು ಸಹಿಗೆ ಇಷ್ಟು ಬಲ ಎಲ್ಲಿಂದ ಬಂತು?

ಪ್ರಶ್ನೆ: ನನ್ನ ಮಗ ಎಚ್-1ಬಿ ವೀಸಾದ ಮೇಲೆ ಅಮೆರಿಕಕ್ಕೆ ಹೋಗುವ ತಯಾರಿಯಲ್ಲಿದ್ದ. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಅಧ್ಯಕ್ಷರು ಒಂದು ಆದೇಶಕ್ಕೆ ಸಹಿ ಹಾಕಿದರು. ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಕಟ್ಟಬೇಕು ಅಂತಾಯಿತು. ಸಂಸತ್ತಿನಲ್ಲಿ ಚರ್ಚೆಯಿಲ್ಲ, ಮತದಾನವಿಲ್ಲ. ಅದಕ್ಕೂ ಮೊದಲು ನಮ್ಮ ಸರಕಿನ ಮೇಲೆ ಶೇ. 50ರ ಸುಂಕವೂ ಹೀಗೇ ಬಂತು. ರಾಜ ಬೇಡ ಅಂತ ಯುದ್ಧ ಮಾಡಿ ಹುಟ್ಟಿದ ದೇಶದಲ್ಲಿ ಒಬ್ಬರ ಕೈಗೆ ಇಷ್ಟು ಅಧಿಕಾರ ಹೇಗೆ ಬಂತು? ಮೊದಲಿಂದಲೂ ಹೀಗೇನಾ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲಿಂದ ಹೀಗಿರಲಿಲ್ಲ. ಅವರ ಸಂವಿಧಾನ ಅಧ್ಯಕ್ಷರಿಗೆ ನೇರವಾಗಿ ಕೊಟ್ಟ ಅಧಿಕಾರಗಳ ಪಟ್ಟಿ ತುಂಬಾ ಚಿಕ್ಕದು. ಆ ಪಟ್ಟಿ 1789ರಿಂದ ಇವತ್ತಿನವರೆಗೆ ಹೆಚ್ಚುಕಮ್ಮಿ ಹಾಗೇ ಇದೆ. ಬೆಳೆದದ್ದು ಎರಡು ದಾರಿಯಲ್ಲಿ. ಒಂದು, ಕಷ್ಟಕಾಲದಲ್ಲಿ ಅಧ್ಯಕ್ಷರು ತಾವೇ ಮುನ್ನುಗ್ಗಿ ಮಾಡಿದ್ದು ಆಮೇಲೆ ರೂಢಿಯಾಯಿತು. ಇನ್ನೊಂದು, ಕಾಂಗ್ರೆಸ್, ಅಂದರೆ ಅವರ ಸಂಸತ್ತು, ತಾನೇ ಕಾನೂನು ಮಾಡಿ ತನ್ನ ಅಧಿಕಾರವನ್ನು ಅಧ್ಯಕ್ಷರ ಕೈಗೆ ಕೊಟ್ಟಿತು. ನಿಮ್ಮ ಮಗನಿಗೆ ಅಡ್ಡ ಬಂದಿದ್ದು ಎರಡನೆಯದು. ಆ ಆದೇಶದ ಬೇರು 1952ರ ಒಂದು ಕಾನೂನಿನಲ್ಲಿದೆ. ಅಲ್ಲಿಗೆ ಬರುತ್ತೇನೆ, ಆದರೆ ಶುರುವಿನಿಂದಲೇ ಹೋಗೋಣ.

ಬ್ರಿಟನ್ನಿನಿಂದ ಬಿಡುಗಡೆಯಾದ ಹೊಸದರಲ್ಲಿ ಅಮೆರಿಕಕ್ಕೆ ಅಧ್ಯಕ್ಷರೇ ಇರಲಿಲ್ಲ. 1781ರಲ್ಲಿ ಜಾರಿಗೆ ಬಂದ ಮೊದಲ ಒಪ್ಪಂದದಲ್ಲಿ ಕೇಂದ್ರದಲ್ಲಿ ಇದ್ದದ್ದು ಕಾಂಗ್ರೆಸ್ ಮಾತ್ರ. ಕಾನೂನನ್ನು ಜಾರಿ ಮಾಡುವವರು ಅಂತ ಬೇರೆ ಯಾರೂ ಇಲ್ಲ. ರಾಜ್ಯಗಳಲ್ಲೂ ಗವರ್ನರ್‌ಗಳನ್ನು ಬೇಕೆಂದೇ ದುರ್ಬಲವಾಗಿ ಇಟ್ಟಿದ್ದರು. ಪೆನ್ಸಿಲ್ವೇನಿಯಾ ಅಂತೂ ಗವರ್ನರ್ ಹುದ್ದೆಯೇ ಬೇಡ ಅಂತ ಒಂದು ಮಂಡಳಿಯನ್ನು ಕೂರಿಸಿತು. ಆದರೆ 1786ರಲ್ಲಿ ಮ್ಯಾಸಚೂಸೆಟ್ಸ್‌ನ ಸಾಲಗಾರ ರೈತರು ಡೇನಿಯಲ್ ಶೇಸ್ ಮುಂದಾಳತ್ವದಲ್ಲಿ ದಂಗೆ ಎದ್ದು ಕೋರ್ಟುಗಳನ್ನು ಮುಚ್ಚಿಸಿದಾಗ, ಕೇಂದ್ರಕ್ಕೆ ಒಂದು ಸೈನ್ಯ ಕಳಿಸುವ ತಾಕತ್ತೂ ಇರಲಿಲ್ಲ. ಇದರಿಂದ ಹೆದರಿದವರೇ 1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದಲ್ಲಿ ಬಾಗಿಲು ಹಾಕಿಕೊಂಡು ಹೊಸ ಸಂವಿಧಾನ ಬರೆಯಲು ಕೂತರು.

ಜೂನ್ 1ರಂದು ಅಲ್ಲಿ ನಡೆದದ್ದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪೆನ್ಸಿಲ್ವೇನಿಯಾದ ಜೇಮ್ಸ್ ವಿಲ್ಸನ್ ಎದ್ದು ನಿಂತು, ಆಡಳಿತ ನಡೆಸುವ ಅಧಿಕಾರ ಒಬ್ಬನೇ ವ್ಯಕ್ತಿಯ ಕೈಯಲ್ಲಿರಲಿ ಅಂತ ಸೂಚಿಸಿದರು. ಸಭೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ 81 ವರ್ಷದ ಬೆಂಜಮಿನ್ ಫ್ರಾಂಕ್ಲಿನ್, ಇದು ದೊಡ್ಡ ವಿಷಯ, ಮತಕ್ಕೆ ಹಾಕುವ ಮೊದಲು ಎಲ್ಲರೂ ಮನಸ್ಸಿನಲ್ಲಿರುವುದನ್ನು ಹೇಳಲಿ ಎಂದರು. ವರ್ಜೀನಿಯಾದ ಎಡ್ಮಂಡ್ ರಾಂಡಾಲ್ಫ್ ಹೇಳಿಯೇಬಿಟ್ಟರು: ಇದು ರಾಜಪ್ರಭುತ್ವದ ಭ್ರೂಣ. ಮೂವರನ್ನು ಸೇರಿಸಿ ಒಂದು ಹುದ್ದೆ ಮಾಡೋಣ ಅನ್ನುವುದು ಅವರ ವಾದವಾಗಿತ್ತು. ಜೂನ್ 4ರಂದು ರಾಜ್ಯಗಳು ಮತ ಹಾಕಿದವು. ಒಬ್ಬನೇ ಇರಲಿ ಎಂದವು ಏಳು, ಬೇಡ ಎಂದವು ಮೂರು.

ಎಲ್ಲರೂ ಮಾತಾಡಲು ಹಿಂಜರಿದದ್ದಕ್ಕೆ ಒಂದು ಕಾರಣ ಎದುರಿಗೇ ಕೂತಿತ್ತು. ಸಭೆಯ ಅಧ್ಯಕ್ಷತೆ ವಹಿಸಿದ್ದವರು ಜಾರ್ಜ್ ವಾಷಿಂಗ್ಟನ್. ಮೊದಲ ಅಧ್ಯಕ್ಷರು ಅವರೇ ಅನ್ನುವುದು ಯಾರಿಗೂ ಗೊತ್ತಿಲ್ಲದ ವಿಷಯವಲ್ಲ. ಸೌತ್ ಕ್ಯಾರೊಲಿನಾದ ಪಿಯರ್ಸ್ ಬಟ್ಲರ್ ಮರುವರ್ಷ ಬರೆದ ಪತ್ರದಲ್ಲಿ ಇದನ್ನು ಒಪ್ಪಿಕೊಂಡಿದ್ದಾರೆ: ಎಷ್ಟೋ ಸದಸ್ಯರ ಕಣ್ಣು ವಾಷಿಂಗ್ಟನ್ ಮೇಲೆ ನೆಟ್ಟಿರದಿದ್ದರೆ ಆ ಹುದ್ದೆಗೆ ಇಷ್ಟು ಅಧಿಕಾರ ಸಿಗುತ್ತಿರಲಿಲ್ಲ. ಒಬ್ಬ ನಂಬಿಕಸ್ಥರನ್ನು ಮನಸ್ಸಿನಲ್ಲಿಟ್ಟುಕೊಂಡು ಹೊಲಿದ ಅಂಗಿ ಅದು. ಆಮೇಲೆ ಬಂದವರೆಲ್ಲರೂ ಅದನ್ನೇ ತೊಟ್ಟರು.

ಹಾಗಂತ ಅವರು ಕಣ್ಣು ಮುಚ್ಚಿ ಎಲ್ಲ ಕೊಡಲಿಲ್ಲ. ಸೈನ್ಯದ ಮಹಾದಂಡನಾಯಕತ್ವ ಕೊಟ್ಟರು, ಯುದ್ಧ ಸಾರುವ ಹಕ್ಕನ್ನು ಕಾಂಗ್ರೆಸ್ಸಿಗೆ ಇಟ್ಟರು. ದಿಢೀರ್ ದಾಳಿ ನಡೆದರೆ ಎದುರಿಸುವಷ್ಟು ಅವಕಾಶ ಅಧ್ಯಕ್ಷರಿಗೆ ಇರಲಿ ಎಂದು ಆಗಸ್ಟ್ 17ರಂದು ಚರ್ಚೆಯಾಯಿತು, ಅಷ್ಟೇ. ವಿದೇಶಿ ಒಪ್ಪಂದ ಮಾಡಬಹುದು, ಆದರೆ ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್‌ನ ಮೂರನೇ ಎರಡರಷ್ಟು ಸದಸ್ಯರು ಒಪ್ಪಬೇಕು. ಅಧಿಕಾರಿಗಳನ್ನು ನೇಮಿಸಬಹುದು, ಅದಕ್ಕೂ ಸೆನೆಟ್ ಒಪ್ಪಿಗೆ ಬೇಕು. ಕ್ಷಮಾದಾನ ಮಾತ್ರ ಯಾರನ್ನೂ ಕೇಳದೆ ಕೊಡಬಹುದು. ಕಾಂಗ್ರೆಸ್ ಮಾಡಿದ ಕಾನೂನಿಗೆ ವಿಟೊ ಹಾಕಬಹುದು, ಅಂದರೆ ಒಪ್ಪದೆ ತಡೆಯಬಹುದು, ಆದರೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬಿದ್ದರೆ ಆ ವಿಟೊ ಬಿದ್ದುಹೋಗುತ್ತದೆ. ಈ ಮೂರನೇ ಎರಡು ಅನ್ನುವ ಲೆಕ್ಕವನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಇಡೀ ಕಥೆಯ ಗಂಟು ಅಲ್ಲೇ ಇದೆ.

ತೆರಿಗೆ, ಸುಂಕ, ವಿದೇಶಿ ವ್ಯಾಪಾರದ ನಿಯಮ, ಪೌರತ್ವ ಕೊಡುವ ನಿಯಮ, ಇವೆಲ್ಲ ಕಾಂಗ್ರೆಸ್ಸಿನ ಪಾಲು. ಸಂವಿಧಾನದ ಒಂದನೇ ವಿಧಿಯಲ್ಲಿ ಕಾಂಗ್ರೆಸ್ಸಿನ ಅಧಿಕಾರಗಳನ್ನು ಬರೆದಿರುವ ಕಡೆ ಮೊಟ್ಟಮೊದಲು ಬರುವುದೇ ತೆರಿಗೆ ಮತ್ತು ಸುಂಕ. ಅಂದರೆ ನೀವು ಕೇಳಿದ ಎರಡೂ ವಿಷಯಗಳಲ್ಲಿ ಮೂಲ ಸಂವಿಧಾನ ಅಧ್ಯಕ್ಷರಿಗೆ ಒಂದು ಸಾಲನ್ನೂ ಕೊಟ್ಟಿರಲಿಲ್ಲ.

ಆದರೆ ಬರಹದಲ್ಲಿ ಒಂದು ಸಂದು ಉಳಿದಿತ್ತು. ಕಾಂಗ್ರೆಸ್ ಬಗ್ಗೆ ಹೇಳುವಾಗ ‘ಇಲ್ಲಿ ಕೊಟ್ಟಿರುವ’ ಅಧಿಕಾರಗಳು ಎಂದು ಗೆರೆ ಎಳೆದಿದ್ದಾರೆ. ಅಧ್ಯಕ್ಷರ ಬಗ್ಗೆ ಹೇಳುವಾಗ ಕಾರ್ಯಾಂಗದ ಅಧಿಕಾರ ಅಧ್ಯಕ್ಷರದ್ದು ಅಂತಷ್ಟೇ ಇದೆ, ಗೆರೆ ಇಲ್ಲ. 1793ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ನಡುವಿನ ಯುದ್ಧದಲ್ಲಿ ನಾವು ಯಾರ ಕಡೆಯೂ ಇಲ್ಲ ಎಂದು ವಾಷಿಂಗ್ಟನ್ ತಾವೇ ಸಾರಿದಾಗ, ಅಲೆಕ್ಸಾಂಡರ್ ಹ್ಯಾಮಿಲ್ಟನ್ ಈ ಸಂದನ್ನೇ ಹಿಡಿದು ವಾದಿಸಿದರು. ಪಟ್ಟಿಯಲ್ಲಿ ಇರುವುದು ಉದಾಹರಣೆ ಮಾತ್ರ, ಅಧಿಕಾರ ಅದಕ್ಕಿಂತ ಜಾಸ್ತಿ ಎಂದರು. ಜೇಮ್ಸ್ ಮ್ಯಾಡಿಸನ್ ಅದನ್ನು ಕಟುವಾಗಿ ವಿರೋಧಿಸಿದರು. ಇಬ್ಬರೂ ಆರು ವರ್ಷ ಹಿಂದೆ ಒಂದೇ ಸಭೆಯಲ್ಲಿ ಕೂತು ಅದೇ ಸಂವಿಧಾನ ಬರೆದವರು. ಆ ಜಗಳ ಇವತ್ತಿಗೂ ಮುಗಿದಿಲ್ಲ.

ರೂಢಿ ಹೇಗೆ ಬೆಳೆಯುತ್ತದೆ ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಪ್ರಸಂಗ 1789ರ ಆಗಸ್ಟ್ 22ರದ್ದು. ಆಗ ರಾಜಧಾನಿ ನ್ಯೂಯಾರ್ಕ್. ದಕ್ಷಿಣದ ಮೂಲನಿವಾಸಿ ಜನರೊಂದಿಗೆ ಮಾಡಬೇಕಿದ್ದ ಒಪ್ಪಂದದ ಬಗ್ಗೆ ಸೆನೆಟ್‌ನ ಸಲಹೆ ಕೇಳಲು ವಾಷಿಂಗ್ಟನ್ ಖುದ್ದು ಹೋದರು. ‘ಸಲಹೆ ಮತ್ತು ಒಪ್ಪಿಗೆ’ ಪಡೆಯಬೇಕು ಅಂತ ಸಂವಿಧಾನವೇ ಹೇಳಿದೆಯಲ್ಲ. ಉಪಾಧ್ಯಕ್ಷ ಜಾನ್ ಆಡಮ್ಸ್ ಕಾಗದ ಓದತೊಡಗಿದರೆ ಹೊರಗಡೆ ಗಾಡಿಗಳ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಮತ್ತೆ ಓದಿದರು. ಸದಸ್ಯರು ಇದನ್ನು ಸಮಿತಿಗೆ ಒಪ್ಪಿಸೋಣ, ನಿಧಾನವಾಗಿ ನೋಡೋಣ ಎಂದರು. ವಾಷಿಂಗ್ಟನ್‌ಗೆ ಸಿಟ್ಟು ಬಂತು. ನಾನು ಇಲ್ಲಿಗೆ ಬಂದ ಉದ್ದೇಶವೇ ಹಾಳಾಯಿತು ಎಂದರು. ಇದನ್ನೆಲ್ಲ ಅಲ್ಲೇ ಇದ್ದ ಸೆನೆಟರ್ ವಿಲಿಯಂ ಮಕ್ಲೇ ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಸೋಮವಾರ ಇನ್ನೊಮ್ಮೆ ಬಂದು ಕೆಲಸ ಮುಗಿಸಿದರು ನಿಜ. ಆಮೇಲೆ ಸಲಹೆ ಕೇಳಲು ಅವರು ಆ ಮೆಟ್ಟಿಲು ಹತ್ತಲಿಲ್ಲ. ಅಧ್ಯಕ್ಷರು ಮೊದಲು ಒಪ್ಪಂದ ಮಾಡಿಕೊಂಡು ಬರುವುದು, ಸೆನೆಟ್ ಆಮೇಲೆ ಹೂಂ ಅಥವಾ ಊಹೂಂ ಅನ್ನುವುದು ಪದ್ಧತಿಯಾಯಿತು. ಸಂವಿಧಾನದ ಒಂದಕ್ಷರ ಬದಲಾಗಲಿಲ್ಲ.

ಆಂಡ್ರ್ಯೂ ಜಾಕ್ಸನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವರಿಗಿಂತ ಮೊದಲಿನ ಆರು ಅಧ್ಯಕ್ಷರು ಸೇರಿ ಹಾಕಿದ್ದು ಹತ್ತು ವಿಟೊ. ಜಾಕ್ಸನ್ ಒಬ್ಬರೇ ಹನ್ನೆರಡು ಹಾಕಿದರು. ಅದೂ ಸಂವಿಧಾನಕ್ಕೆ ವಿರುದ್ಧ ಅನ್ನುವ ಕಾರಣಕ್ಕೆ ಮಾತ್ರ ಅಲ್ಲ, ಇದು ಒಳ್ಳೆಯ ನೀತಿಯಲ್ಲ ಅನ್ನುವ ಕಾರಣಕ್ಕೂ. 1832ರಲ್ಲಿ ರಾಷ್ಟ್ರೀಯ ಬ್ಯಾಂಕಿನ ಮಸೂದೆಯನ್ನು ಹೀಗೆ ಹೊಡೆದುಹಾಕಿದರು. ಮರುವರ್ಷ ಸರ್ಕಾರದ ಹಣವನ್ನು ಆ ಬ್ಯಾಂಕಿನಿಂದ ತೆಗೆಯಿರಿ ಅಂದಾಗ ಖಜಾನೆ ಕಾರ್ಯದರ್ಶಿ ವಿಲಿಯಂ ಡ್ವೇನ್ ಆಗಲ್ಲ ಎಂದರು. ಜಾಕ್ಸನ್ ಅವರನ್ನೇ ಕಿತ್ತುಹಾಕಿದರು. ಇಡೀ ದೇಶ ಆರಿಸಿದ್ದು ನನ್ನನ್ನು, ಹಾಗಾಗಿ ಜನರ ಪ್ರತಿನಿಧಿ ನಾನು ಅನ್ನುವ ಮಾತು ಅಲ್ಲಿಂದ ಗಟ್ಟಿಯಾಯಿತು.

ಲಿಂಕನ್ ಕಾಲದ್ದು ಬೇರೆಯೇ ತೂಕ. ದಕ್ಷಿಣದ ರಾಜ್ಯಗಳು ದೇಶದಿಂದ ಬೇರೆಯಾಗಲು ಹೊರಟಿದ್ದವು. 1861ರ ಏಪ್ರಿಲ್ 12ರಂದು ಸಮ್ಟರ್ ಎಂಬ ಸರ್ಕಾರಿ ಕೋಟೆಯ ಮೇಲೆ ಗುಂಡು ಬಿತ್ತು, ಅಂತರ್ಯುದ್ಧ ಶುರುವಾಯಿತು. ಕಾಂಗ್ರೆಸ್ ಅಧಿವೇಶನ ಇರಲಿಲ್ಲ. ಲಿಂಕನ್ ಜುಲೈ 4ಕ್ಕೆ ಕರೆದರು. ಮಧ್ಯದ ಆ ಎಂಬತ್ತಕ್ಕೂ ಹೆಚ್ಚು ದಿನಗಳಲ್ಲಿ ದಕ್ಷಿಣದ ಬಂದರುಗಳಿಗೆ ತಡೆ ಹಾಕಿದರು, ಸೈನ್ಯ ಹೆಚ್ಚಿಸಿದರು, ಬಂಧಿತರನ್ನು ಕೋರ್ಟಿಗೆ ಹಾಜರುಪಡಿಸಬೇಕೆಂಬ ಹೇಬಿಯಸ್ ಕಾರ್ಪಸ್ ಹಕ್ಕನ್ನೂ ಕೆಲವು ಕಡೆ ಅಮಾನತಿನಲ್ಲಿಟ್ಟರು. ಒಂದು ಕಾನೂನನ್ನು ಉಳಿಸಲು ಹೋಗಿ ಉಳಿದೆಲ್ಲ ಕಾನೂನೂ ಹೋಗಲಿ ಅಂತ ಬಿಡಬೇಕೇ ಎಂದು ಕಾಂಗ್ರೆಸ್ಸನ್ನು ಕೇಳಿದರು. 1863ರಲ್ಲಿ ಬಂದರು ತಡೆ ಸರಿ ಎಂದು ಸುಪ್ರೀಂ ಕೋರ್ಟ್ ಒಪ್ಪಿತು, ಅದೂ 5-4ರ ಅಂತರದಲ್ಲಿ. ದೇಶ ಉಳಿಯಿತು, ಗುಲಾಮಗಿರಿ ಹೋಯಿತು. ನನ್ನ ಮಟ್ಟಿಗೆ ಲಿಂಕನ್ ಮಾಡಿದ್ದು ಸರಿ. ಒಂದು ಮುಖ್ಯ ವಿಷಯ ಏನೆಂದರೆ, ಅವರು ಕಾಂಗ್ರೆಸ್ ಮುಂದೆ ಹೋಗಿ ಮಾಡಿದ್ದನ್ನೆಲ್ಲ ಹೇಳಿ ಒಪ್ಪಿಗೆ ಕೇಳಿದರು. ಮುಂದೆ ಬಂದ ಕೆಲವರು ಲಿಂಕನ್ ಹೆಸರು ಹೇಳಿದರು, ಆ ಭಾಗವನ್ನು ಬಿಟ್ಟರು.

ಲಿಂಕನ್ ನಂತರ ಬಹುಕಾಲ ಕಾಂಗ್ರೆಸ್ಸಿನ ಕೈಯೇ ಮೇಲಾಗಿತ್ತು. 1868ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಮೇಲೆ ವಾಗ್ದಂಡನೆ, ಅಂದರೆ ಹುದ್ದೆಯಿಂದ ಇಳಿಸುವ ಆರೋಪ, ಬಂತು; ಸೆನೆಟ್ ವಿಚಾರಣೆಯಲ್ಲಿ ಅವರು ಒಂದೇ ಮತದಲ್ಲಿ ಪಾರಾದರು. ಅದಾದ ಮೇಲಿನ ಹಲವು ಅಧ್ಯಕ್ಷರ ಹೆಸರು ಅಮೆರಿಕನ್ನರಿಗೇ ನೆನಪಿರುವುದಿಲ್ಲ.

ನಿಜವಾದ ತಿರುವು ಬಂದದ್ದು 1930ರ ದಶಕದಲ್ಲಿ. ಸುಂಕದ ಕಥೆ ಇಲ್ಲಿಂದ ಶುರು. 1930ರಲ್ಲಿ ಕಾಂಗ್ರೆಸ್ ತಾನೇ ಕೂತು ನೂರಾರು ಸರಕುಗಳ ಮೇಲೆ ಸುಂಕ ಏರಿಸಿತು. ಪ್ರತಿ ಸದಸ್ಯರಿಗೂ ತಮ್ಮ ಕ್ಷೇತ್ರದ ಸರಕಿಗೆ ರಕ್ಷಣೆ ಬೇಕಿತ್ತು. ಬೇರೆ ದೇಶಗಳು ಎದುರೇಟು ಕೊಟ್ಟವು, ಮೊದಲೇ ಕುಸಿದಿದ್ದ ವ್ಯಾಪಾರ ಇನ್ನೂ ಕುಸಿಯಿತು. 1934ರಲ್ಲಿ ಕಾಂಗ್ರೆಸ್ ಈ ತಲೆನೋವೇ ಬೇಡ ಅಂತ, ಬೇರೆ ದೇಶಗಳ ಜೊತೆ ಮಾತಾಡಿ ಸುಂಕವನ್ನು ಅರ್ಧದಷ್ಟು ಏರಿಸುವ ಇಳಿಸುವ ಅಧಿಕಾರವನ್ನು ಫ್ರಾಂಕ್ಲಿನ್ ರೂಸ್‌ವೆಲ್ಟ್‌ಗೆ ಕೊಟ್ಟಿತು. ಆಗಿನ ಉದ್ದೇಶ ಸುಂಕ ಇಳಿಸುವುದಾಗಿತ್ತು. 1939ರಲ್ಲಿ ಅಧ್ಯಕ್ಷರಿಗೆ ಅವರದ್ದೇ ಆದ ದೊಡ್ಡ ಕಾರ್ಯಾಲಯವೂ ಬಂತು. 1942ರ ಫೆಬ್ರುವರಿ 19ರಂದು, ಜಪಾನ್ ಜೊತೆ ಯುದ್ಧ ನಡೆಯುತ್ತಿದ್ದಾಗ, ಅದೇ ರೂಸ್‌ವೆಲ್ಟ್ ಹಾಕಿದ ಒಂದು ಸಹಿಯಿಂದ ಜಪಾನಿ ಮೂಲದ ಸುಮಾರು 1,20,000 ಜನ ಮನೆ, ಅಂಗಡಿ, ಜಮೀನು ಬಿಟ್ಟು ಶಿಬಿರಗಳಿಗೆ ಹೋಗಬೇಕಾಯಿತು. ಅವರಲ್ಲಿ ಬಹುಪಾಲು ಅಮೆರಿಕದ ಪ್ರಜೆಗಳೇ. ಕಾಂಗ್ರೆಸ್ ತಡೆಯಲಿಲ್ಲ, ಸುಪ್ರೀಂ ಕೋರ್ಟ್ 1944ರಲ್ಲಿ ಸರಿ ಅಂದಿತು. ಆ ಇಡೀ ಯುಗಕ್ಕೆ ಸಂವಿಧಾನ ಕೊಟ್ಟ ಉತ್ತರ ಒಂದೇ: 1951ರ 22ನೇ ತಿದ್ದುಪಡಿ, ಎರಡು ಅವಧಿಗಿಂತ ಹೆಚ್ಚು ಆರಿಸಿ ಬರುವಂತಿಲ್ಲ. ಎಷ್ಟು ದಿನ ಇರಬಹುದು ಅನ್ನುವುದಕ್ಕೆ ಮಿತಿ ಬಂತು. ಏನು ಮಾಡಬಹುದು ಅನ್ನುವುದಕ್ಕೆ ಬರಲಿಲ್ಲ.

ಈಗ 1952ರ ಜೂನ್. ನಿಮ್ಮ ಪ್ರಶ್ನೆಗೆ ಉತ್ತರ ಇರುವ ತಿಂಗಳು ಇದೇ.

ಕೊರಿಯಾದಲ್ಲಿ ಯುದ್ಧ ನಡೀತಿತ್ತು. 1950ರಲ್ಲಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಕಾಂಗ್ರೆಸ್ಸಿನಿಂದ ಯುದ್ಧ ಘೋಷಣೆ ಪಡೆಯದೆಯೇ ಸೈನ್ಯ ಕಳಿಸಿದ್ದರು. (ಅಮೆರಿಕ ಕೊನೆಯ ಸಲ ವಿಧಿವತ್ತಾಗಿ ಯುದ್ಧ ಸಾರಿದ್ದು 1942ರಲ್ಲಿ. ವಿಯೆಟ್ನಾಂ, ಇರಾಕ್, ಅಫ್ಘಾನಿಸ್ತಾನ ಯಾವುದಕ್ಕೂ ಘೋಷಣೆ ಇಲ್ಲ.) ಉಕ್ಕಿನ ಕಾರ್ಮಿಕರು ಮುಷ್ಕರಕ್ಕೆ ಹೊರಟಾಗ, ಯುದ್ಧಕ್ಕೆ ಉಕ್ಕು ಬೇಕು ಎಂದು ಏಪ್ರಿಲ್ 8ರಂದು ಟ್ರೂಮನ್ ಖಾಸಗಿ ಉಕ್ಕಿನ ಕಾರ್ಖಾನೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡರು. ಅದಕ್ಕೆ ಯಾವ ಕಾನೂನಿನ ಆಧಾರವೂ ಇರಲಿಲ್ಲ. ಜೂನ್ 2ರಂದು ಸುಪ್ರೀಂ ಕೋರ್ಟ್ 6-3ರಲ್ಲಿ ಇದು ನಡೆಯುವುದಿಲ್ಲ ಎಂದಿತು. ಒಂಬತ್ತು ನ್ಯಾಯಮೂರ್ತಿಗಳೂ ರೂಸ್‌ವೆಲ್ಟ್ ಅಥವಾ ಟ್ರೂಮನ್ ನೇಮಿಸಿದವರೇ ಆಗಿದ್ದರು ಅನ್ನುವುದನ್ನು ಗಮನಿಸಿ. ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಅಲ್ಲಿ ಒಂದು ಅಳತೆಗೋಲು ಕೊಟ್ಟರು. ಕಾಂಗ್ರೆಸ್ ಒಪ್ಪಿಗೆ ಇದ್ದಾಗ ಅಧ್ಯಕ್ಷರ ಬಲ ಅತಿ ಹೆಚ್ಚು. ಕಾಂಗ್ರೆಸ್ ಏನೂ ಹೇಳದಿದ್ದಾಗ ಮಬ್ಬು. ಕಾಂಗ್ರೆಸ್ ಬೇಡ ಅಂದಿದ್ದರೆ ಅತಿ ಕಡಿಮೆ. ಇವತ್ತಿಗೂ ಕೋರ್ಟುಗಳು ಅಳೆಯುವುದು ಇದರಿಂದಲೇ.

ಅದೇ ಜೂನ್ 27ರಂದು ಕಾಂಗ್ರೆಸ್ ಹೊಸ ವಲಸೆ ಕಾನೂನು ಮಾಡಿತು. ಟ್ರೂಮನ್ ಅದಕ್ಕೆ ವಿಟೊ ಹಾಕಿದ್ದರು. ದೇಶವಾರು ಕೋಟಾ ಅನ್ಯಾಯ ಅನ್ನುವುದು ಅವರ ಕಾರಣ. ಕಾಂಗ್ರೆಸ್ ಮೂರನೇ ಎರಡರಷ್ಟು ಮತದಿಂದ ಆ ವಿಟೊವನ್ನು ಮೀರಿ ಪಾಸು ಮಾಡಿತು. ಅದರೊಳಗೆ 212(ಎಫ್) ಎಂಬ ಸೆಕ್ಷನ್ ಇತ್ತು. ಯಾವುದೇ ವರ್ಗದ ವಿದೇಶಿಯರು ಬರುವುದು ದೇಶದ ಹಿತಕ್ಕೆ ಹಾನಿ ಅಂತ ಅಧ್ಯಕ್ಷರಿಗೆ ಕಂಡರೆ, ತಮಗೆ ಅಗತ್ಯ ಅನ್ನಿಸಿದಷ್ಟು ಕಾಲ ಅವರ ಪ್ರವೇಶ ತಡೆಯಬಹುದು, ಅಥವಾ ತಮಗೆ ಸೂಕ್ತ ಅನ್ನಿಸಿದ ನಿರ್ಬಂಧ ಹಾಕಬಹುದು. ‘ಕಂಡರೆ’, ‘ಅನ್ನಿಸಿದರೆ’. ಕಾರಣವೂ ಅಧ್ಯಕ್ಷರದ್ದು, ಅವಧಿಯೂ ಅಧ್ಯಕ್ಷರದ್ದು. ಕಾನೂನಿಲ್ಲದೆ ಕಾರ್ಖಾನೆ ಮುಟ್ಟಬೇಡಿ ಅಂತ ಕೋರ್ಟ್ ಹೇಳಿದ 25 ದಿನಕ್ಕೆ, ವಲಸೆಯ ವಿಷಯದಲ್ಲಿ ಕಾಂಗ್ರೆಸ್ ಕಾನೂನನ್ನೇ ಕೈಗಿಟ್ಟಿತು. ಅಧ್ಯಕ್ಷರು ಬೇಡ ಅಂದ ಮೇಲೂ! 2018ರಲ್ಲಿ ಕೆಲವು ಮುಸ್ಲಿಂ ಬಹುಸಂಖ್ಯಾತ ದೇಶಗಳ ಪ್ರಯಾಣಿಕರನ್ನು ತಡೆದ ಟ್ರಂಪ್ ಆದೇಶವನ್ನು ಸುಪ್ರೀಂ ಕೋರ್ಟ್ 5-4ರಲ್ಲಿ ಎತ್ತಿಹಿಡಿದದ್ದು ಇದೇ ಸೆಕ್ಷನ್ ನೋಡಿ. ಇದರ ಪ್ರತಿ ವಾಕ್ಯವೂ ಅಧ್ಯಕ್ಷರ ಕಡೆಗೇ ಬಾಗಿದೆ ಅನ್ನುವ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಒಂದು ಲಕ್ಷ ಡಾಲರ್ ಆದೇಶವೂ ಇದರ ಮೇಲೇ ನಿಂತಿದೆ.

ಹಾಗಾದರೆ ಕೊಟ್ಟದ್ದನ್ನು ವಾಪಸ್ ತೆಗೆದುಕೊಳ್ಳಬಾರದೇ ಅಂತ ನೀವು ಕೇಳಬಹುದು. ವಿಯೆಟ್ನಾಂ ಯುದ್ಧ ಮತ್ತು ಅಧ್ಯಕ್ಷ ನಿಕ್ಸನ್ ಕಾಲದ ವಾಟರ್‌ಗೇಟ್ ಹಗರಣ ಆದ ಮೇಲೆ ಕಾಂಗ್ರೆಸ್ ನಿಜವಾಗಿಯೂ ಆ ಪ್ರಯತ್ನ ಮಾಡಿತು. 1973ರಲ್ಲಿ ನಿಕ್ಸನ್ ವಿಟೊ ಮೀರಿ ಯುದ್ಧಾಧಿಕಾರದ ಕಾನೂನು ತಂದಿತು: ಸೈನ್ಯ ಕಳಿಸಿದರೆ 48 ಗಂಟೆಯೊಳಗೆ ತಿಳಿಸಬೇಕು, ಒಪ್ಪಿಗೆ ಸಿಗದಿದ್ದರೆ 60 ದಿನಕ್ಕೆ ನಿಲ್ಲಿಸಬೇಕು. 1976ರಲ್ಲಿ ತುರ್ತು ಪರಿಸ್ಥಿತಿಗಳ ಕಾನೂನು ತಂದಿತು. ಅಧ್ಯಕ್ಷರು ತುರ್ತು ಪರಿಸ್ಥಿತಿ ಸಾರಬಹುದು, ಆದರೆ ಎರಡೂ ಸದನ ಸರಳ ಬಹುಮತದಿಂದ ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಅಧ್ಯಕ್ಷರ ಸಹಿ ಬೇಕಿಲ್ಲ. ಇಂಥ ಹಿಡಿತದ ಹಗ್ಗ ಆಗ ಸುಮಾರು 200 ಕಾನೂನುಗಳಲ್ಲಿತ್ತು.

ಆ ಹಗ್ಗ ಕಡಿದದ್ದು ಭಾರತೀಯ ಮೂಲದವರೊಬ್ಬರ ಕೇಸಿನಲ್ಲಿ. ಜಗದೀಶ್ ರಾಯ್ ಛಡ್ಢಾ ಕೀನ್ಯಾದಲ್ಲಿ ಹುಟ್ಟಿದವರು, 1966ರಲ್ಲಿ ವಿದ್ಯಾರ್ಥಿಯಾಗಿ ಅಮೆರಿಕಕ್ಕೆ ಹೋದರು. ವೀಸಾ ಮುಗಿದ ಮೇಲೆ ವಾಪಸ್ ಹೋಗಲು ದೇಶವೇ ಇಲ್ಲದಂತಾಯಿತು. ವಲಸೆ ನ್ಯಾಯಾಧೀಶರು ಇರಲಿ ಎಂದರು. 1975ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್ಸಿನ ಕೆಳಮನೆಯಾದ ಪ್ರತಿನಿಧಿ ಸಭೆ ಒಂದು ನಿರ್ಣಯ ಮಾಡಿ, ಇವರೂ ಸೇರಿ ಆರು ಜನ ಇರುವುದು ಬೇಡ ಅಂದಿತು. ಒಂದೇ ಸದನ, ಅಧ್ಯಕ್ಷರ ಸಹಿಯಿಲ್ಲ. ಛಡ್ಢಾ ಕೋರ್ಟಿಗೆ ಹೋದರು. 1983ರಲ್ಲಿ ಸುಪ್ರೀಂ ಕೋರ್ಟ್ 7-2ರಲ್ಲಿ ಅವರ ಪರ ತೀರ್ಪು ಕೊಟ್ಟಿತು: ಕಾಂಗ್ರೆಸ್ ಏನೇ ಮಾಡಿದರೂ ಎರಡೂ ಸದನ ದಾಟಿ ಅಧ್ಯಕ್ಷರ ಮುಂದೆ ಹೋಗಲೇಬೇಕು. ಆ ಮನುಷ್ಯನಿಗೆ ನ್ಯಾಯ ಸಿಕ್ಕಿತು, ಸಂತೋಷ. ಆದರೆ ಇನ್ನೂರು ಕಾನೂನುಗಳಲ್ಲಿ ಅಧಿಕಾರ ಅಧ್ಯಕ್ಷರ ಕೈಯಲ್ಲೇ ಉಳಿಯಿತು, ಅದನ್ನು ಎಳೆಯುವ ಹಗ್ಗ ಹೋಯಿತು.

1985ರಲ್ಲಿ ತುರ್ತು ಪರಿಸ್ಥಿತಿ ಕಾನೂನನ್ನೂ ಆ ತೀರ್ಪಿಗೆ ತಕ್ಕಂತೆ ತಿದ್ದಿದರು. ಪರಿಣಾಮ ಕಂಡದ್ದು 2019ರಲ್ಲಿ. ಮೆಕ್ಸಿಕೊ ಗಡಿಯ ಗೋಡೆಗೆ ಕಾಂಗ್ರೆಸ್ ಕೇಳಿದಷ್ಟು ಹಣ ಕೊಡದಿದ್ದಾಗ ಟ್ರಂಪ್ ತುರ್ತು ಪರಿಸ್ಥಿತಿ ಸಾರಿದರು. ಪ್ರತಿನಿಧಿ ಸಭೆ 245-182ರಲ್ಲಿ, ಸೆನೆಟ್ 59-41ರಲ್ಲಿ ಇದು ಬೇಡ ಅಂದವು. ಅಧ್ಯಕ್ಷರ ಪಕ್ಷದ 12 ಸೆನೆಟರ್‌ಗಳೂ ವಿರುದ್ಧ ಮತ ಹಾಕಿದರು. ಟ್ರಂಪ್ ವಿಟೊ ಹಾಕಿದರು. ಅದನ್ನು ಮೀರಲು ಪ್ರತಿನಿಧಿ ಸಭೆಯಲ್ಲಿ ಸಿಕ್ಕ ಮತ 248, ಎದುರು ಬಿದ್ದದ್ದು 181. ಮೂರನೇ ಎರಡು ಆಗಲಿಲ್ಲ. ಎರಡೂ ಸದನ ಬೇಡ ಅಂದ ತುರ್ತು ಪರಿಸ್ಥಿತಿ ಮುಂದುವರಿಯಿತು. ಲೆಕ್ಕ ಇಷ್ಟೇ: ಅಧ್ಯಕ್ಷರಿಗೆ ಅಧಿಕಾರ ಕೊಡಲು ಸದನದ ಅರ್ಧಕ್ಕಿಂತ ಒಂದು ಮತ ಹೆಚ್ಚಿದ್ದರೆ ಸಾಕು. ಅಧ್ಯಕ್ಷರು ಒಪ್ಪದಿದ್ದರೆ ವಾಪಸ್ ಪಡೆಯಲು ಸೆನೆಟ್‌ನಲ್ಲಿ 100ಕ್ಕೆ 67, ಪ್ರತಿನಿಧಿ ಸಭೆಯಲ್ಲಿ 435ಕ್ಕೆ 290 ಬೇಕು. ಇರಾನ್ ವಿಷಯದಲ್ಲಿ ಜಿಮ್ಮಿ ಕಾರ್ಟರ್ 1979ರ ನವೆಂಬರ್‌ನಲ್ಲಿ ಸಾರಿದ ತುರ್ತು ಪರಿಸ್ಥಿತಿಯನ್ನು ಅವರ ನಂತರದವರೆಲ್ಲ ವರ್ಷ ವರ್ಷ ನವೀಕರಿಸುತ್ತಾ ಬಂದಿದ್ದಾರೆ.

ಇದು ಒಂದು ಪಕ್ಷದ ಚಾಳಿ ಅಲ್ಲ. 2011ರಲ್ಲಿ ಲಿಬಿಯಾದ ಮೇಲೆ ಬಾಂಬ್ ಹಾಕುವಾಗ 60 ದಿನ ದಾಟಿತು. ಇದು ಕಾನೂನು ಹೇಳುವಂಥ ಕದನವೇ ಅಲ್ಲ ಎಂದು ಒಬಾಮ ಸರ್ಕಾರ ವಾದಿಸಿತು. 2003ರ ಒಂದು ಕಾನೂನನ್ನು ಹಿಡಿದು ಸುಮಾರು 400 ಶತಕೋಟಿ ಡಾಲರ್ ವಿದ್ಯಾರ್ಥಿ ಸಾಲ ಮನ್ನಾ ಮಾಡಲು ಬೈಡನ್ ಹೊರಟರು, 2023ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ನಮ್ಮ ಸರಕಿನ ಮೇಲಿನ ಸುಂಕಕ್ಕೆ ಟ್ರಂಪ್ ಹಿಡಿದದ್ದು 1977ರ ಆರ್ಥಿಕ ತುರ್ತು ಅಧಿಕಾರದ ಕಾನೂನನ್ನು. ಅದರಲ್ಲಿ ಸುಂಕ ಅನ್ನುವ ಮಾತೇ ಇಲ್ಲ, ಆಮದನ್ನು ನಿಯಂತ್ರಿಸಬಹುದು ಅಂತಿದೆ. 2025ರ ಆಗಸ್ಟ್ 29ರಂದು ಮೇಲ್ಮನವಿ ಕೋರ್ಟ್ 7-4ರಲ್ಲಿ, ಅಂಥ ಸುಂಕ ಹಾಕಲು ಈ ಕಾನೂನು ಅಧಿಕಾರ ಕೊಡುವುದಿಲ್ಲ ಎಂದಿತು. ಅಧ್ಯಕ್ಷರು ಅವಕಾಶ ಸಿಕ್ಕಲ್ಲಿ ಕೈ ಚಾಚುವುದು ಸಹಜ. ನನಗೆ ಬೇಸರ ಇರುವುದು ಕಾಂಗ್ರೆಸ್ ಮೇಲೆ. ಕಷ್ಟದ ಮತದಾನ ತಪ್ಪಿಸಿಕೊಳ್ಳಲು ತನ್ನ ಕೆಲಸವನ್ನು ಅದು ಮತ್ತೆ ಮತ್ತೆ ಬಿಟ್ಟುಕೊಟ್ಟಿದೆ.

ನಮ್ಮಲ್ಲಿ ಹೀಗಾಗುತ್ತಾ ಅಂತಲೂ ಅನ್ನಿಸಬಹುದು. ನಮ್ಮ ಪ್ರಧಾನಿಯನ್ನು ಲೋಕಸಭೆ ಅವಿಶ್ವಾಸ ಮತದಿಂದ ಯಾವಾಗ ಬೇಕಾದರೂ ಇಳಿಸಬಹುದು. ಅಮೆರಿಕದ ಅಧ್ಯಕ್ಷರಿಗೆ ನಾಲ್ಕು ವರ್ಷ ಗಟ್ಟಿ. ವಾಗ್ದಂಡನೆಯಿಂದ ಇಳಿಸಲು ಸೆನೆಟ್‌ನಲ್ಲಿ ಮತ್ತದೇ ಮೂರನೇ ಎರಡು ಬೇಕು, ಇವತ್ತಿನವರೆಗೆ ಯಾರೂ ಹಾಗೆ ಇಳಿದಿಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಎರಡೂ ಪದ್ಧತಿಯನ್ನು ಪಕ್ಕಪಕ್ಕ ಇಟ್ಟು ತೂಗಿದ್ದರು. ಅಮೆರಿಕದ್ದರಲ್ಲಿ ಸ್ಥಿರತೆ ಜಾಸ್ತಿ, ನಮಗೆ ಹೊಣೆಗಾರಿಕೆ ಜಾಸ್ತಿ ಇರುವುದು ಬೇಕು ಎಂದು ಹೇಳಿದರು.

ಇನ್ನು ನಿಮ್ಮ ಮಗನ ವಿಷಯ. ಆ ಆದೇಶ ದೇಶದ ಹೊರಗಿರುವವರ ಹೊಸ ಅರ್ಜಿಗಳಿಗೆ ಸಂಬಂಧಿಸಿದ್ದು, ಹಣ ಕಟ್ಟಬೇಕಾದದ್ದು ಕೆಲಸ ಕೊಡುವ ಕಂಪನಿ. ವಿಸ್ತರಿಸದಿದ್ದರೆ 12 ತಿಂಗಳಿಗೆ ಮುಗಿಯುತ್ತದೆ ಅಂತ ಆದೇಶದಲ್ಲೇ ಇತ್ತು. ಇಂಥ ಆದೇಶ ಹೋಗಲು ಮೂರು ದಾರಿ. ಕೋರ್ಟ್ ರದ್ದು ಮಾಡಬೇಕು, ಕಾಂಗ್ರೆಸ್ ಕಾನೂನು ತಿದ್ದಬೇಕು, ಇಲ್ಲವೇ ಅಧ್ಯಕ್ಷರೇ ಹಿಂಪಡೆಯಬೇಕು. ಮೂರನೆಯದು ಎಲ್ಲಕ್ಕಿಂತ ಬೇಗ ಆಗುವಂಥದ್ದು. ಪ್ರಯಾಣ ನಿಷೇಧವನ್ನು ಬೈಡನ್ 2021ರ ಜನವರಿ 20ರಂದು, ಅಧಿಕಾರಕ್ಕೆ ಬಂದ ದಿನವೇ, ಒಂದು ಸಹಿಯಿಂದ ತೆಗೆದರು. 2025ರ ಜೂನ್‌ನಲ್ಲಿ ಟ್ರಂಪ್ ಇನ್ನೊಂದು ಸಹಿಯಿಂದ ಹೊಸ ನಿಷೇಧ ತಂದರು. ಮುಂದೆ ಇಂಥ ಯಾವ ಸುದ್ದಿ ಬಂದರೂ ಆದೇಶದ ಮೂಲ ಪ್ರತಿಯನ್ನು ಶ್ವೇತಭವನದ ಜಾಲತಾಣದಲ್ಲಿ ತೆರೆದು, ‘ಸಂವಿಧಾನ ಮತ್ತು ಕಾನೂನುಗಳು ನನಗೆ ಕೊಟ್ಟಿರುವ ಅಧಿಕಾರದಿಂದ’ ಅಂತ ಶುರುವಾಗುವ ವಾಕ್ಯ ಹುಡುಕಿ. ಯಾವ ಕಾನೂನಿನ ಯಾವ ಸೆಕ್ಷನ್ ಅಂತ ಅಲ್ಲೇ ಬರೆದಿರುತ್ತಾರೆ. ವೀಸಾ ಆದೇಶದಲ್ಲಿ ಆ ಜಾಗದಲ್ಲಿರುವುದು 212(ಎಫ್) ಮತ್ತು 215(ಎ).